ಹಾಸನದ ಹೊರವಲಯದ ಬಡಾವಣೆಯಲ್ಲಿ ವಾಸ ಹೇಗಿರುತ್ತೆ?

ನೆಮ್ಮದಿಯಾಗಿರುತ್ತೆ, ಆದರೆ ಮನೆಯಲ್ಲಿ ಒಂದು ಸ್ಕೂಟರ್ ಇರಲೇಬೇಕು. ಕೊತ್ತಂಬರಿ ಸೊಪ್ಪು ಮುಗಿದರೂ ಎರಡು ಕಿಲೋಮೀಟರ್ ಹೋಗಬೇಕಾಗಬಹುದು.

ಯಾಕೆಂದರೆ ಇವೆಲ್ಲ ಮೊನ್ನೆಮೊನ್ನೆವರೆಗೆ ಹೊಲಗಳು. ಮೊದಲು ಸೈಟು ಮಾರಾಟವಾಗುತ್ತೆ, ಆಮೇಲೆ ಮನೆಗಳು ಒಂದೊಂದಾಗಿ ಏಳುತ್ತವೆ. ಬೆಲೆ ಏರಲಿ ಅಂತ ಸುಮ್ನೆ ಬಿಟ್ಟವರೂ ಬಹಳ. ಮನೆ ಕಮ್ಮಿ ಇದ್ದರೆ ಅಂಗಡಿಯವರಿಗೆ ವ್ಯಾಪಾರ ಗಿಟ್ಟಲ್ಲ, ಸಿಟಿ ಬಸ್ಸಿಗೂ ಜನ ಸಿಗಲ್ಲ ಅಲ್ವಾ? ವಿದ್ಯಾನಗರ, ಕುವೆಂಪುನಗರದಂಥ ಹಳೇ ಬಡಾವಣೆಗಳಲ್ಲಿ ಈ ತೊಂದರೆ ಇಲ್ಲ.

ಆದರೂ ನನಗೆ ಆ ಖಾಲಿ ಸೈಟುಗಳೇ ಇಷ್ಟ. ನಮ್ಮ ಪಕ್ಕದ ಮೂವತ್ತು-ನಲವತ್ತು ಅಡಿ ಸೈಟಿನಲ್ಲಿ ಎದುರುಮನೆ ಅಜ್ಜಿ ಅವರೆ ಹಾಕುತ್ತಾರೆ. ಚಳಿಗಾಲದಲ್ಲಿ ಮಂಜು ಕವಿದ ಬೆಳಿಗ್ಗೆ ಬಾಗಿಲು ತೆಗೆದರೆ ಮೊದಲು ಬರುವುದು ಅದರ ಸೊಗಡು. ಅಜ್ಜಿ ಆಲೂರು ಕಡೆಯವರು, ಮೊಮ್ಮಕ್ಕಳ ಸ್ಕೂಲಿಗೆ ಅಂತ ಇಲ್ಲಿ ಮನೆ ಮಾಡಿದ್ದಾರೆ. ನಮ್ಮ ಬೀದಿಯಲ್ಲಿ ಅಂಥವರೇ ಜಾಸ್ತಿ. ಅದಕ್ಕೇ ಕರೆಯದೆಯೂ ಬಂದು ಜಗಲಿ ಮೇಲೆ ಕೂತು ಮಾತಾಡುವ ಹಳ್ಳಿ ರೂಢಿ ಇನ್ನೂ ಉಳಿದಿದೆ.

ಮನೆ ನೋಡುವಾಗ ನೀರಿನ ವಿಷಯ ಮೊದಲು ಕೇಳಿ. ಹೇಮಾವತಿ ನೀರಿನ ಪೈಪು ಬಂದಿದೆಯೋ, ಬರೀ ಬೋರ್‌ವೆಲ್ಲೋ ಅಂತ ಪಕ್ಕದ ಮನೆಯವರನ್ನೇ ಕೇಳುವುದು ಒಳ್ಳೇದು.