ಸೋಲುವ ಹೊತ್ತಿಗೇ ನೆಟ್ ಹೋಗುತ್ತದೆ

ಪ್ರಶ್ನೆ: ನನಗೆ 34 ವರ್ಷ. ಕನ್ಸೋಲ್‌ನಲ್ಲಿ ಆಕ್ಷನ್ ಗೇಮ್ ಆಡುವ ಹುಚ್ಚು ಕಾಲೇಜು ದಿನಗಳಿಂದಲೂ ಇದೆ. ‘ಎಲ್ಡನ್ ರಿಂಗ್’ ಪೂರ್ತಿ ಮುಗಿಸಿದ್ದೇನೆ, ಅದರ ಕಷ್ಟದ ಬಾಸ್ (ಕಂಪ್ಯೂಟರೇ ಆಡಿಸುವ ದೊಡ್ಡ ಎದುರಾಳಿ) ಮಲೇನಿಯಾಳನ್ನೂ ಸೋಲಿಸಿದ್ದೇನೆ. ಆದರೆ ಇಬ್ಬರು ಎದುರುಬದುರು ಬಡಿದಾಡುವ ‘ಸ್ಟ್ರೀಟ್ ಫೈಟರ್ 6’ ಆನ್‌ಲೈನ್ ಆಡಲು ಕೂತರೆ ತಲೆ ಕೆಡುತ್ತದೆ. ಎದುರಿಗೆ ಸಿಕ್ಕವರು ಹೋಂಡಾ ಎಂಬ ಸುಮೋ ಪೈಲ್ವಾನನ ಪಾತ್ರ ಆರಿಸಿಕೊಂಡು, ತಲೆಯಿಂದ ಗುದ್ದುವ ಅದೇ ಹೆಡ್‌ಬಟ್ ಹೊಡೆದು ಹೊಡೆದೇ ಗೆಲ್ಲುತ್ತಾರೆ. ನಾನು ಬಿದ್ದು ಏಳುವಷ್ಟರಲ್ಲಿ ಕೂತು ಎದ್ದು ಅಣಕಿಸುತ್ತಾರೆ. ಒಂದು ದಿನ ಸಿಟ್ಟಿನಲ್ಲಿ ನೆಟ್ ಕೇಬಲ್ ಕಿತ್ತೆ. ಅದೇ ಚಾಳಿಯಾಯಿತು. ಈಗ ಪ್ರತಿ ಶನಿವಾರ ನನ್ನ ಜೊತೆ ಆಡುವ ಹಳೆಯ ಗೆಳೆಯನ ಹತ್ತಿರವೂ, ಸೋಲುವ ಹಾಗಾದರೆ ಕೇಬಲ್ ಕಿತ್ತು ‘ನೆಟ್ ಹೋಯ್ತು ಕಣೋ’ ಅನ್ನುತ್ತೇನೆ. ಅವನು ಪಾಪ, ತನ್ನ ಹತ್ತಿರವಿದ್ದ ಒಳ್ಳೆಯ ರೌಟರ್ ಕಳಿಸಿಕೊಟ್ಟಿದ್ದಾನೆ. ಡಬ್ಬ ಬಿಚ್ಚಲು ಮನಸ್ಸಾಗಿಲ್ಲ. ನಿಜ ಹೇಳಿಬಿಡಲೇ? ಅಥವಾ ಸುಮ್ನೆ ಆಟವನ್ನೇ ಬಿಟ್ಟುಬಿಡಲೇ?
— ಹೆಸರು ಬೇಡ

ಉತ್ತರ: ರೌಟರ್ ವಿಷಯ ಓದಿ ನಕ್ಕೆ, ಕ್ಷಮಿಸಿ. ನಾನೂ ಕಂಟ್ರೋಲರನ್ನು ಸೋಫಾ ಮೇಲೆ ಎಸೆದವಳೇ. ಸೋಫಾ ಮೆತ್ತಗಿತ್ತು, ಬಚಾವಾದೆ.

ಹೇಳಿಬಿಡಿ. ಆಟ ಬಿಟ್ಟರೆ ಅದಕ್ಕೂ ಅವನಿಗೆ ಇನ್ನೊಂದು ಸುಳ್ಳು ಕಾರಣ ಕೊಡಬೇಕಾಗುತ್ತದೆ, ಅಲ್ವಾ?

ಇನ್ನೊಂದು ಮಾತು. ಅವನಿಗೆ ಏನೂ ಗೊತ್ತಿಲ್ಲ ಅಂತ ನೀವು ಅಂದುಕೊಂಡಿದ್ದೀರಿ. ನನಗೆ ಅನುಮಾನ. ನಿಜವಾಗಿ ನೆಟ್ ಕೆಟ್ಟಾಗ ಆಟ ಮೊದಲು ತೊದಲುತ್ತದೆ. ಇಲ್ಲಿದ್ದ ಪಾತ್ರ ಫಕ್ಕನೆ ಅಲ್ಲಿರುತ್ತದೆ, ಹೊಡೆದ ಏಟು ಹೊಡೆದೇ ಇಲ್ಲ ಅನ್ನುವ ಹಾಗೆ ಆಟ ಒಂದು ಹೆಜ್ಜೆ ಹಿಂದಕ್ಕೆ ಹೋಗುತ್ತದೆ. ನಿಮ್ಮದು ಬೆಣ್ಣೆಯ ಹಾಗೆ ಓಡುತ್ತಿದ್ದು ಇದ್ದಕ್ಕಿದ್ದ ಹಾಗೆ ಕಟ್. ಅದೂ ಯಾವಾಗ? ಕೊನೆಯ ರೌಂಡಿನಲ್ಲಿ, ನಿಮ್ಮ ಹೆಲ್ತ್ ಬಾರ್ (ಉಳಿದ ಶಕ್ತಿ ತೋರಿಸುವ ಪಟ್ಟಿ) ಕಡ್ಡಿಯಷ್ಟು ಉಳಿದಾಗ. ನೆಟ್‌ಗೆ ನಿಮ್ಮ ಹೆಲ್ತ್ ಬಾರ್ ಕಾಣಿಸುವುದಿಲ್ಲ. ಹಳೆಯ ಗೆಳೆಯನಿಗೆ ಕಾಣಿಸುತ್ತದೆ. ಆ ರೌಟರ್ ಪಾಪ ಅಂತ ಕಳಿಸಿದ್ದೋ, ‘ಇನ್ನಾದರೂ ಬಾಯಿ ಬಿಡು’ ಅಂತ ಕಳಿಸಿದ್ದೋ, ಯಾರಿಗೆ ಗೊತ್ತು!

ಮೆಸೇಜ್ ಹಾಕಬೇಡಿ. ಫೋನ್ ಮಾಡಿ, ಅದೂ ಶನಿವಾರಕ್ಕೆ ಮುಂಚೆ. ‘ಸೋಲ್ತೀನಿ ಅನ್ನಿಸಿದಾಗ ನಾನೇ ಕೇಬಲ್ ಕೀಳ್ತಿದ್ದೆ ಕಣೋ. ತಪ್ಪಾಯ್ತು. ರೌಟರ್ ವಾಪಸ್ ಕೊಡ್ತೀನಿ’ ಅನ್ನಿ. ಅಷ್ಟೇ ಸಾಕು. ಆಫೀಸ್ ಟೆನ್ಷನ್, ನಿದ್ದೆ ಕಡಿಮೆ ಅಂತ ಬಾಲ ಸೇರಿಸಬೇಡಿ. ಅವನು ಬೈದರೆ ಬೈಸಿಕೊಳ್ಳಿ. ಒಂದೆರಡು ವಾರ ಆಡದೆ ಇದ್ದರೂ ಇರಲಿ.

ಇನ್ನು ಹೋಂಡಾ ವಿಷಯಕ್ಕೆ ಬರುತ್ತೇನೆ, ರೋಗ ಶುರುವಾದದ್ದು ಅಲ್ಲೇ. ಮಲೇನಿಯಾ ನಿಮಗೆ ಹೊಡೆದಾಗಲೆಲ್ಲ ಅವಳ ಹೆಲ್ತ್ ತುಂಬಿಕೊಳ್ಳುತ್ತದೆ. ಇದಕ್ಕಿಂತ ಅನ್ಯಾಯ ಬೇಕಾ? ಆದರೂ ನೀವು ಸತ್ತು ಸತ್ತು ಯಾವ ಏಟಿಗೆ ಎತ್ತ ಉರುಳಬೇಕು ಅಂತ ಕಲಿತಿರಿ. ಹೋಂಡಾ ಹತ್ತು ಸಲ ಅದೇ ಹೆಡ್‌ಬಟ್ ಹೊಡೆದರೆ ಮಾತ್ರ ‘ಇವನಿಗೆ ಆಡೋಕೇ ಬರಲ್ಲ’ ಅನ್ನುತ್ತೀರಿ. ಹತ್ತು ಸಲ ತಗುಲಿತಲ್ಲ! ನಿಮಗೆ ಉತ್ತರ ಗೊತ್ತಾಗುವವರೆಗೆ ಅವನು ಯಾಕೆ ಪ್ರಶ್ನೆ ಬದಲಾಯಿಸಬೇಕು?

ಅರ್ಧ ಗಂಟೆ ಟ್ರೈನಿಂಗ್ ಮೋಡ್‌ಗೆ ಹೋಗಿ. ಎದುರಿನ ಗೊಂಬೆಗೆ ಹೋಂಡಾನ ಹೆಡ್‌ಬಟ್ ರೆಕಾರ್ಡ್ ಮಾಡಿ ಕೊಡಿ, ಅದು ಬೇಸರವಿಲ್ಲದೆ ಹೊಡೆಯುತ್ತಲೇ ಇರುತ್ತದೆ. ಒಮ್ಮೆ ತಡೆಯಿರಿ, ಒಮ್ಮೆ ಡ್ರೈವ್ ಪ್ಯಾರಿ (ಏಟನ್ನು ಹೀರಿಕೊಳ್ಳುವ ವಿಶೇಷ ತಡೆ) ಮಾಡಿ, ಒಮ್ಮೆ ನೆಗೆಯಿರಿ. ಯಾವುದಾದ ಮೇಲೆ ನಿಮ್ಮ ಏಟು ತಗುಲುತ್ತದೆ ನೋಡಿ. ಆಮೇಲೆ ಸೋತ ಮ್ಯಾಚಿನ ರಿಪ್ಲೇ ಹಾಕಿ, ಹೋಂಡಾನ ಕಾಲನ್ನೇ ಗಮನಿಸಿ. ಹೆಡ್‌ಬಟ್ ಹೊಡೆಯಬೇಕಾದರೆ ಆಡುವವನು ಸ್ವಲ್ಪ ಹೊತ್ತು ಕಂಟ್ರೋಲರಿನಲ್ಲಿ ಹಿಂದಕ್ಕೆ ಒತ್ತಿ ಹಿಡಿದಿರಬೇಕು. ಮುಂದಕ್ಕೆ ನಡೆದು ಬರುತ್ತಿದ್ದಾನೆ ಅಂದರೆ ಆ ಏಟು ಸದ್ಯಕ್ಕೆ ಅವನ ಕೈಯಲ್ಲಿಲ್ಲ. ಇದು ಗೊತ್ತಾದ ದಿನ ನಿಮ್ಮ ಅರ್ಧ ಸಿಟ್ಟು ಇಳಿಯುತ್ತದೆ.

ಉಳಿದರ್ಧ ಆ ಅಣಕದ್ದು, ಅದಕ್ಕೆ ಟ್ರೈನಿಂಗ್ ಮೋಡ್ ಇಲ್ಲ. ಬಾಸ್ ನಿಮ್ಮನ್ನು ನೋಡಿ ನಗುವುದಿಲ್ಲ, ಮನುಷ್ಯ ನಗುತ್ತಾನೆ. ಹಾಗೆ ಮಾಡಿದವನನ್ನು ಬ್ಲಾಕ್ ಮಾಡಿ, ಎದ್ದು ನೀರು ಕುಡಿಯಿರಿ. ಸಿಟ್ಟಿನಲ್ಲಿ ‘ಇನ್ನೊಂದು ಮ್ಯಾಚ್’ ಒತ್ತಬೇಡಿ. ಹಾಗೆ ಒತ್ತಿ ನಾನು ಗೆದ್ದದ್ದು ನೆನಪೇ ಇಲ್ಲ.

ರ‍್ಯಾಂಕ್ ಮ್ಯಾಚ್‌ನಲ್ಲಿ ಆಟವೇ ನಿಮ್ಮ ಮಟ್ಟದವರನ್ನು ಹುಡುಕಿ ಎದುರಿಗೆ ಕೂರಿಸುತ್ತದೆ. ನೀವು ಗೆದ್ದಷ್ಟೂ ಗಟ್ಟಿ ಆಳು ಸಿಗುತ್ತಾನೆ. ಎಷ್ಟೇ ಕಲಿತರೂ ಹತ್ತರಲ್ಲಿ ನಾಲ್ಕೈದು ಸೋಲು ಇದ್ದದ್ದೇ. ಅಲ್ಲಿ ಅರ್ಧಕ್ಕೆ ಓಡಿಹೋಗುವವರಿಗೆ ದಂಡವೂ ಇರುತ್ತದೆ. ಗೆಳೆಯನ ಜೊತೆಗಿನ ಖಾಸಗಿ ರೂಮಿನಲ್ಲಿ ಅದರ ಭಯವಿಲ್ಲ. ಅದಕ್ಕೇ ಚಾಳಿ ಅಲ್ಲಿ ಬೇರು ಬಿಟ್ಟಿದೆ, ಪಾಪ ಅವನಿಗೆ ಬಿತ್ತು ಪೆಟ್ಟು.

ಗೆಳೆಯ ಮತ್ತೆ ಆಡಲು ಬಂದರೆ ‘ನೀನು ಹೋಂಡಾ ತಗೋ, ಬರೀ ಹೆಡ್‌ಬಟ್ ಹೊಡಿ’ ಅಂತ ನೀವೇ ಕೇಳಿ. ಅಂದು ಅವನು ಸಿಕ್ಕಾಪಟ್ಟೆ ಖುಷಿಯಿಂದ ಹೊಡೆಯಬಹುದು, ತಯಾರಾಗಿರಿ. ಅದಕ್ಕೆ ಮೊದಲು ಆ ಕೇಬಲನ್ನು ಟಿವಿ ಹಿಂದೆ, ಕೈಗೆ ಎಟುಕದ ಕಡೆ ಹಾಯಿಸಿಡಿ.