ಈದ ಕುರಿಯ ತೂಕ ಇಳಿಯುವುದು ಮತ್ತು ಸೀಲ್ ಹೋಲಿಕೆ

ಶಿರಾ ಕಡೆಯ ಮಿತ್ರರು ಎರಡು ವಿಷಯ ಕೇಳಿದ್ದಾರೆ. ಈಯುವ ವಾರದಲ್ಲಿ 36 ಕೆಜಿ ತೂಗಿದ ಅವರ ಕುರಿ ಈದು ತಿಂಗಳಾಗುವಷ್ಟರಲ್ಲಿ 28 ಕೆಜಿಗೆ ಇಳಿದಿದೆ, ಇದು ರೋಗವೇ ಎಂಬುದು ಮೊದಲನೆಯದು. ಸೀಲ್ ಎಂಬ ಕಡಲ ಪ್ರಾಣಿಯ ತಾಯಿ ಹಾಲೂಡಿಸುವ ಕಾಲದಲ್ಲಿ ಏನನ್ನೂ ತಿನ್ನದೆ ಸೊರಗಿ, ಆಮೇಲೆ ತಾನಾಗಿಯೇ ಮೈದುಂಬಿಕೊಳ್ಳುವುದನ್ನು ವಿಡಿಯೊದಲ್ಲಿ ನೋಡಿದ್ದೇನೆ, ಕುರಿಯನ್ನೂ ಹಾಗೆಯೇ ಬಿಡಬಹುದೇ ಎಂಬುದು ಎರಡನೆಯದು. ಎರಡನೆಯದನ್ನೇ ಮೊದಲು ಎತ್ತಿಕೊಳ್ಳುತ್ತೇನೆ, ಏಕೆಂದರೆ ಆ ಹೋಲಿಕೆ ಅರ್ಧ ಸರಿ, ಅರ್ಧ ಅಪಾಯಕಾರಿ.

ಕ್ಯಾಲಿಫೋರ್ನಿಯಾ ಕರಾವಳಿಯಲ್ಲಿ ಮರಿ ಹಾಕುವ ಆನೆ ಸೀಲ್ ಏಳೆಂಟು ತಿಂಗಳು ಸಮುದ್ರದಲ್ಲೇ ಮೇದು, ಚರ್ಮದ ಕೆಳಗೆ ದಪ್ಪ ಕೊಬ್ಬನ್ನು ಕೂಡಿಸಿಕೊಂಡು ದಡಕ್ಕೆ ಬರುತ್ತದೆ. ಅನಂತರದ ಸುಮಾರು ನಾಲ್ಕು ವಾರ ಅದಕ್ಕೆ ಆಹಾರವೂ ಇಲ್ಲ, ನೀರೂ ಇಲ್ಲ. ಅರ್ಧಕ್ಕಿಂತ ಹೆಚ್ಚು ಕೊಬ್ಬೇ ತುಂಬಿರುವಷ್ಟು ಗಟ್ಟಿಯಾಗುವ ಆ ಹಾಲನ್ನು ಕುಡಿದು, 35-40 ಕೆಜಿಯ ಮರಿ 130 ಕೆಜಿಯ ಆಸುಪಾಸಿಗೆ ಬೆಳೆಯುತ್ತದೆ. ತಾಯಿ ತನ್ನ ತೂಕದ ಶೇ 40ರಷ್ಟನ್ನು ಕಳೆದುಕೊಳ್ಳುತ್ತದೆ. ಎರಡು ತಿಂಗಳಿಗೂ ಹೆಚ್ಚು ಕಾಲ ಸಮುದ್ರದಲ್ಲಿ ಮೇದು ಬಂದ ಮೇಲೆ, ರೋಮ ಉದುರಿಸುವ ಒಂದು ತಿಂಗಳು ಮತ್ತೆ ಉಪವಾಸ. ಆದರೆ ಎಲ್ಲ ಸೀಲುಗಳೂ ಹೀಗಲ್ಲ: ತುಪ್ಪಳದ ಸೀಲುಗಳು ಮರಿಯನ್ನು ದಡದಲ್ಲಿ ಬಿಟ್ಟು, ಕೆಲವು ದಿನ ಮೇದು ಬಂದು, ಮತ್ತೆ ಹಾಲೂಡಿಸುತ್ತವೆ. ನಮ್ಮ ಕುರಿ ಈ ಎರಡನೆಯ ಬಗೆಗೆ ಹತ್ತಿರವಾದದ್ದು. ಹಾಲಿಗಾಗಿ ಮೈಯ ಕೊಬ್ಬನ್ನು ಸ್ವಲ್ಪ ಕರಗಿಸುತ್ತದೆ, ಉಳಿದದ್ದು ಅಂದಂದಿನ ಮೇವಿನಿಂದಲೇ ಬರಬೇಕು.

ಕುರಿಗೆ ಉಪವಾಸ ತಾಳಿಕೆಯಾಗದು. ಅದರಲ್ಲೂ ಗಬ್ಬದ ಕೊನೆಯ ಆರು ವಾರಗಳಲ್ಲಿ, ಮರಿಯ ಬೆಳವಣಿಗೆಯ ಬಹುಪಾಲು ನಡೆಯುವಾಗ, ಅವಳಿ ಮರಿ ಹೊತ್ತ ಕುರಿಗೆ ಮೇವು ತಪ್ಪಿದರೆ ಕೊಬ್ಬು ಒಮ್ಮೆಲೇ ಕರಗಿ ರಕ್ತದಲ್ಲಿ ವಿಷಕಾರಿ ಅಂಶಗಳು ಸೇರುತ್ತವೆ. ಕುರಿ ಹಿಂಡಿನಿಂದ ದೂರ ನಿಲ್ಲುತ್ತದೆ, ಹಲ್ಲು ಕಡಿಯುತ್ತದೆ, ಕಣ್ಣು ಕಾಣದಂತೆ ಗೋಡೆಗೆ ತಲೆಯೊತ್ತುತ್ತದೆ. ಪಾವಗಡದ ನಮ್ಮ ರೊಪ್ಪದಲ್ಲಿ ಒಂದು ಬೇಸಿಗೆಯಲ್ಲಿ ಹೀಗೆ ಒಂದು ಒಳ್ಳೆಯ ಕುರಿಯನ್ನು ಕಳೆದುಕೊಂಡೆ. ಹೊಟ್ಟೆ ತುಂಬಿದಂತೆ ಕಂಡದ್ದು ಮೇವಲ್ಲ, ಮರಿಗಳು ಎಂಬುದು ನನಗೆ ಹೊಳೆಯಲೇ ಇಲ್ಲ.

ಇನ್ನು ತಮ್ಮ ಲೆಕ್ಕ. ಈಯುವ ಮುಂಚಿನ 36 ಕೆಜಿಯಲ್ಲಿ ಮರಿ, ಮಾಸು, ನೀರು ಎಲ್ಲ ಸೇರಿ ನಾಲ್ಕೈದು ಕೆಜಿ ಇದ್ದಿರಬಹುದು. ಆದ್ದರಿಂದ ತಾಯಿಯ ಮೈಯಿಂದ ನಿಜವಾಗಿ ಇಳಿದದ್ದು ಎಂಟು ಕೆಜಿಯಲ್ಲ, ಮೂರು-ನಾಲ್ಕು ಕೆಜಿ. ಈದ ಮರುದಿನದ ತೂಕವನ್ನೇ ಆಧಾರವಾಗಿ ಹಿಡಿಯಿರಿ, ಮತ್ತು ಯಾವಾಗಲೂ ಬೆಳಿಗ್ಗೆ ಮೇಯಲು ಬಿಡುವ ಮುನ್ನವೇ ತೂಗಿರಿ. ಮೇದು ಬಂದ ಹೊಟ್ಟೆಯ ಭಾರವೇ ಕೆಲವು ಕೆಜಿ ತಪ್ಪು ತೋರಿಸುತ್ತದೆ. ತಕ್ಕಡಿಗಿಂತ ನಾನು ಕೈಯನ್ನೇ ಹೆಚ್ಚು ನಂಬುತ್ತೇನೆ. ಕೊನೆಯ ಪಕ್ಕೆಲುಬಿನ ಹಿಂದೆ ಬೆನ್ನುಮೂಳೆಯ ಮೇಲೆ ಬೆರಳಿಟ್ಟು ಒತ್ತಿದಾಗ ಮೂಳೆಯ ತುದಿ ದುಂಡಗೆ ತಾಕಿದರೆ ಚಿಂತೆಯಿಲ್ಲ, ಚೂಪಾಗಿ ಚುಚ್ಚಿದರೆ ಕುರಿ ಸೊರಗಿದೆ.

ಹಾಲು ಎರಡರಿಂದ ನಾಲ್ಕನೆಯ ವಾರದೊಳಗೆ ಏರುಮುಖದ ತುದಿ ಮುಟ್ಟುವುದರಿಂದ ಈಗ ರಾಗಿಹುಲ್ಲು ಮಾತ್ರ ಸಾಲದು. ಕಡಲೆಕಾಯಿ ಬಳ್ಳಿ ಸಿಗುವಷ್ಟು ಹಾಕಿ, ಜೊತೆಗೆ ದಿನಕ್ಕೆ 250ರಿಂದ 300 ಗ್ರಾಂ ಹಿಂಡಿ-ಬೂಸಾ ಕೊಡಿ. ಅದನ್ನೂ ಒಂದೇ ದಿನ ಸುರಿಯದೆ ವಾರ, ಹತ್ತು ದಿನಗಳಲ್ಲಿ ಏರಿಸಿರಿ, ಇಲ್ಲವಾದರೆ ಹೊಟ್ಟೆ ಹುಳಿಯಾಗಿ ಇನ್ನೊಂದು ತೊಂದರೆ. ಮುಂಗಾರಿನ ಹಸಿರಿನಲ್ಲಿ ಟಗರು ಬಿಟ್ಟರೆ ಐದು ತಿಂಗಳಿಗೆ, ಅಂದರೆ ಕಡಲೆಕಾಯಿ ಕಿತ್ತ ಮೇಲೆ, ಈಯುತ್ತವೆ. ತಮ್ಮ ಕುರಿ ಬೇಸಿಗೆಯ ಬಾಯಿಗೆ ಈದಿರುವುದೂ ಇಳಿಕೆಗೆ ಒಂದು ಕಾರಣ.

ಟಾನಿಕ್ ತರುವ ಮುನ್ನ ಕಣ್ಣಿನ ಕೆಳರೆಪ್ಪೆಯನ್ನು ಸರಿಸಿ ನೋಡಿ. ಒಳಗೆ ಬಿಳಿಚಿಕೊಂಡಿದ್ದರೆ, ದವಡೆಯ ಕೆಳಗೆ ನೀರು ತುಂಬಿದ್ದರೆ, ಹಾಲಿಗಿಂತ ಜಂತುಹುಳುವೇ ಕಾರಣವಿರಬಹುದು, ಈದ ಕುರಿಯಲ್ಲಿ ಅದು ಹೆಚ್ಚು. ಹಾಗಿದ್ದರೆ ಪಶುವೈದ್ಯರಿಗೆ ಹಿಕ್ಕೆ ತೋರಿಸಿ ಔಷಧ ಹಾಕಿಸಿರಿ. ರೆಪ್ಪೆಯ ಬಣ್ಣ ಹೇಗಿದೆ, ಬೆನ್ನು ಕೈಗೆ ಹೇಗೆ ತಾಕಿತು, ಮರಿ ಒಂದೋ ಎರಡೋ ಎಂಬುದನ್ನು ತಿಳಿಸಿದರೆ ಮೇವಿನ ಪ್ರಮಾಣವನ್ನು ಇನ್ನೂ ಖಚಿತವಾಗಿ ಹೇಳುತ್ತೇನೆ.