15 ಸೀಟಿನ ಬರವಣಿಗೆ ಕ್ಲಾಸಿಗೆ ಒಳಗೆ ಹೋಗುವ ದಾರಿ

ಅಮೆರಿಕದ ಕಾಲೇಜುಗಳಲ್ಲಿ ಇಂಗ್ಲಿಷ್ ಮತ್ತು ಸೃಜನಶೀಲ ಬರವಣಿಗೆಯ ಕ್ಲಾಸುಗಳಿಗೆ ಸೀಟು ಹಿಡಿಯುವ ಬಗ್ಗೆ ಬಂದ ಪ್ರಶ್ನೆಗಳಲ್ಲಿ ನಾಲ್ಕನ್ನು ಇಲ್ಲಿ ಎತ್ತಿಕೊಂಡಿದ್ದೇವೆ.

ಪ್ರಶ್ನೆ: ಕ್ಯಾಲಿಫೋರ್ನಿಯಾದ ವಿಶ್ವವಿದ್ಯಾಲಯವೊಂದರಲ್ಲಿ ಕಂಪ್ಯೂಟರ್ ಸೈನ್ಸ್‌ಗೆ ಪ್ರವೇಶ ಸಿಕ್ಕಿದೆ. ಜೊತೆಗೆ ಕಥೆ ಬರೆಯುವ ಒಂದು ಕೋರ್ಸ್ ತೆಗೆದುಕೊಳ್ಳುವ ಆಸೆ. ಪೋರ್ಟಲ್‌ನಲ್ಲಿ 4 ಸೀಟು ಖಾಲಿ ಎಂದು ಕಾಣುತ್ತದೆ, ಸೇರಲು ಹೋದರೆ ಬಿಡುತ್ತಿಲ್ಲ. ಯಾಕೆ? — ವಿದ್ಯಾರ್ಥಿನಿ, ಮೈಸೂರು

ಆ 4 ಸೀಟು ಬೇರೆ ಯಾರಿಗೋ ತೆಗೆದಿಟ್ಟಿರುವ ಸಾಧ್ಯತೆ ಹೆಚ್ಚು. ಇಂಗ್ಲಿಷ್ ಮೇಜರ್‌ನವರಿಗೆ (ಅದೇ ಮುಖ್ಯ ವಿಷಯವಾಗಿ ಓದುವವರಿಗೆ), ಬೇರೆ ಕಾಲೇಜಿನಿಂದ ವರ್ಗವಾಗಿ ಬಂದವರಿಗೆ ಇಷ್ಟಿಷ್ಟು ಎಂದು ವಿಭಾಗಗಳು ಮೊದಲೇ ಸೀಟು ಕಾದಿರಿಸುತ್ತವೆ. ಪೋರ್ಟಲ್ ಒಟ್ಟು ಲೆಕ್ಕವನ್ನಷ್ಟೇ ತೋರಿಸುತ್ತದೆ. ಒಂದೇ ಕೋರ್ಸಿನ ಬೇರೆ ಬೇರೆ ಕ್ಲಾಸುಗಳಿಗೆ ಸೆಕ್ಷನ್ ಎನ್ನುತ್ತಾರೆ. ಸೆಕ್ಷನ್ ನಂಬರ್ ಒತ್ತಿ ವಿವರ ತೆರೆದರೆ ಯಾರಿಗೆ ಎಷ್ಟು, ಯಾವ ತಾರೀಕಿಗೆ ಉಳಿದವರಿಗೆ ಬಿಡುತ್ತಾರೆ ಎನ್ನುವುದು ಸಾಮಾನ್ಯವಾಗಿ ಸಣ್ಣಕ್ಷರದಲ್ಲಿ ಇರುತ್ತದೆ. ಆ ತಾರೀಕು ಬರೆದಿಟ್ಟುಕೊಳ್ಳಿ.

ಇನ್ನೊಂದು ಕಾರಣ ಪೂರ್ವಾರ್ಹತೆ. ಕಥೆ, ಕವಿತೆಯ ಕ್ಲಾಸಿಗೆ ಹೋಗುವ ಮೊದಲು ಮೊದಲ ವರ್ಷದ ಕಾಂಪೊಸಿಷನ್ (ಪ್ರಬಂಧ ಬರವಣಿಗೆ) ಕೋರ್ಸ್ ಮುಗಿಸಿರಬೇಕು ಎಂಬ ನಿಯಮ ಬಹಳ ಕಡೆ ಇದೆ. ಅಲ್ಲಿನ ಹೈಸ್ಕೂಲು ಮಕ್ಕಳಲ್ಲಿ ಹಲವರು ಎಪಿ ಇಂಗ್ಲಿಷ್ (ಹೈಸ್ಕೂಲಿನಲ್ಲೇ ಬರೆಯುವ ಕಾಲೇಜು ಮಟ್ಟದ ಪರೀಕ್ಷೆ) ಅಂಕ ತೋರಿಸಿ ಅದನ್ನು ದಾಟಿಕೊಳ್ಳುತ್ತಾರೆ. ಪಿಯುಸಿ ಇಂಗ್ಲಿಷ್‌ನಲ್ಲಿ 95 ಬಂದಿದ್ದರೂ ಸಾಮಾನ್ಯವಾಗಿ ಆ ವಿನಾಯಿತಿ ಸಿಗದು. ಹಾಗಾಗಿ ಮೊದಲ ಸೆಮಿಸ್ಟರ್‌ಗೆ ಕಾಂಪೊಸಿಷನ್, ಎರಡನೆಯದಕ್ಕೆ ಕಥೆ ಎಂದು ಯೋಜನೆ ಹಾಕಿಕೊಳ್ಳುವುದೇ ನೇರ ದಾರಿ.

ಮೂರನೆಯದು ಹೋಲ್ಡ್, ಅಂದರೆ ನಿಮ್ಮ ಖಾತೆಗೆ ಹಾಕಿದ ತಡೆ. ಶುಲ್ಕ ಬಾಕಿ, ಸಲಹೆಗಾರರನ್ನು ಇನ್ನೂ ಕಾಣದಿರುವುದು, ಲಸಿಕೆ ದಾಖಲೆ ಇಲ್ಲದಿರುವುದು, ಯಾವುದೊಂದಿದ್ದರೂ ನೋಂದಣಿ ನಿಲ್ಲುತ್ತದೆ. ಇಲ್ಲಿಂದ ಹೋಗುವವರು ಹೆಚ್ಚಾಗಿ ಸಿಕ್ಕಿಬೀಳುವುದು ಲಸಿಕೆಯಲ್ಲಿ. ಬಹಳ ಕಾಲೇಜುಗಳು ಎಂಎಂಆರ್ (ದಡಾರ, ಮಂಗನಬಾವು, ರುಬೆಲ್ಲಾ ಲಸಿಕೆ) 2 ಡೋಸ್ ಕೇಳುತ್ತವೆ, ಎರಡರ ನಡುವೆ ಕನಿಷ್ಠ 28 ದಿನ ಅಂತರ ಇರಬೇಕು. ಬಾಲ್ಯದ ಲಸಿಕೆ ಕಾರ್ಡ್ ಕಳೆದಿದ್ದರೆ ನೋಂದಣಿಯ ಹಿಂದಿನ ವಾರ ಓಡಾಡಿ ಏನೂ ಆಗದು. ಒಂದೂವರೆ ತಿಂಗಳು ಮುಂಚೆ ಡಾಕ್ಟರನ್ನು ಕಾಣಿ.

ಗಡಿಯಾರದ ವಿಷಯ. ಕ್ಯಾಲಿಫೋರ್ನಿಯಾದಲ್ಲಿ ಬೆಳಗ್ಗೆ 7ಕ್ಕೆ ನೋಂದಣಿ ತೆರೆದರೆ ಬೇಸಿಗೆಯಲ್ಲಿ ನಮಗೆ ರಾತ್ರಿ 7:30. ನವೆಂಬರ್ ಮೊದಲ ಭಾನುವಾರ ಅವರ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುತ್ತದೆ, ಆಮೇಲೆ ಅದೇ 7 ನಮಗೆ 8:30. ಬೇಕಾದ ಸೆಕ್ಷನ್‌ಗಳನ್ನು ಹಿಂದಿನ ದಿನವೇ ಪೋರ್ಟಲ್‌ನ ಕಾರ್ಟ್‌ನಲ್ಲಿ ಹಾಕಿಡಿ. ಕಾರ್ಟ್‌ನಲ್ಲಿ ಇದ್ದ ಮಾತ್ರಕ್ಕೆ ಸೀಟು ನಿಮ್ಮದಾಗುವುದಿಲ್ಲ, ಹುಡುಕುವ ಹೊತ್ತು ಉಳಿಯುತ್ತದೆ ಅಷ್ಟೆ.

ಪ್ರಶ್ನೆ: ನಾನು ಎಫ್-1 (ವಿದ್ಯಾರ್ಥಿ) ವೀಸಾದಲ್ಲಿರುವ ಪದವಿ ವಿದ್ಯಾರ್ಥಿ. 9 ಕ್ರೆಡಿಟ್ ಸಿಕ್ಕಿದೆ. 3 ಕ್ರೆಡಿಟ್‌ನ ಕವಿತಾ ಕಮ್ಮಟಕ್ಕೆ ವೇಟ್‌ಲಿಸ್ಟ್‌ನಲ್ಲಿ 3ನೆಯವನು. ಕಾಯಬಹುದೇ? — ವಿದ್ಯಾರ್ಥಿ, ಅಯೋವಾ

ಕಾಯಿರಿ, ಆದರೆ 9ರ ಮೇಲೆ ಕೂತು ಕಾಯಬೇಡಿ. ಎಫ್-1 ಪದವಿ ವಿದ್ಯಾರ್ಥಿಗೆ ಸೆಮಿಸ್ಟರ್‌ಗೆ ಕನಿಷ್ಠ 12 ಕ್ರೆಡಿಟ್ ಇರಬೇಕು. ವೇಟ್‌ಲಿಸ್ಟ್‌ನ 3 ಆ ಲೆಕ್ಕಕ್ಕೆ ಸೇರುವುದಿಲ್ಲ. ಅಂಕವಿಲ್ಲದೆ ಕೂತು ಕೇಳುವ ಆಡಿಟ್ ಕೂಡ ಸೇರುವುದಿಲ್ಲ. ಪೂರ್ತಿ ಆನ್‌ಲೈನ್ ಆದ ಕ್ಲಾಸುಗಳಲ್ಲಿ ಒಂದನ್ನು, ಅಂದರೆ ಹೆಚ್ಚೆಂದರೆ 3 ಕ್ರೆಡಿಟ್ಟನ್ನು ಮಾತ್ರ ಎಣಿಸುತ್ತಾರೆ. ಆದ್ದರಿಂದ ಈಗಲೇ ನಿಮ್ಮ ಪದವಿಗೆ ಹೇಗೂ ಬೇಕಾದ, ಸೀಟಿರುವ ಇನ್ನೊಂದು ಕೋರ್ಸಿಗೆ ಸೇರಿಕೊಳ್ಳಿ. ಕವಿತೆ ಸಿಕ್ಕಿದ ಮೇಲೆ ಅದನ್ನು ಬಿಡಿ. ಈ ಕ್ರಮ ಹಿಂದುಮುಂದಾಗಿ 12ಕ್ಕಿಂತ ಕೆಳಗೆ ಇಳಿಯುವ ಪ್ರಸಂಗ ಬಂದರೆ, ಇಳಿಯುವ ಮೊದಲೇ ಅಂತರರಾಷ್ಟ್ರೀಯ ವಿದ್ಯಾರ್ಥಿ ಕಚೇರಿಯ ಅನುಮತಿ ಬೇಕು.

ವೇಟ್‌ಲಿಸ್ಟ್ ಬಗ್ಗೆ ಹೆಚ್ಚಿನವರಿಗೆ ಗೊತ್ತಿಲ್ಲದ ಸಂಗತಿ ಒಂದಿದೆ: ಹಲವು ಕಾಲೇಜುಗಳಲ್ಲಿ ಸರದಿ ಬಂದಾಗ ಕಂಪ್ಯೂಟರ್ ಯಾರನ್ನೂ ಕರೆದು ಕೇಳುವುದಿಲ್ಲ. ಸೇರಿಸಲು ನೋಡುತ್ತದೆ, ಆಗದಿದ್ದರೆ ಸದ್ದಿಲ್ಲದೆ ಮುಂದಿನವರಿಗೆ ಹೋಗುತ್ತದೆ. ಆಗದಿರಲು ಕಾರಣಗಳು ಇವು: ಆ ಹೊತ್ತಿಗೆ ನೀವು ಬೇರೆ ಕ್ಲಾಸಿನಲ್ಲಿದ್ದೀರಿ (10 ನಿಮಿಷ ಅಡ್ಡಬಂದರೂ ಸಾಕು); ಇದನ್ನು ಸೇರಿಸಿದರೆ ಕ್ರೆಡಿಟ್ ಮಿತಿ ಮೀರುತ್ತದೆ; ಅದೇ ಕೋರ್ಸಿನ ಇನ್ನೊಂದು ಸೆಕ್ಷನ್‌ನಲ್ಲಿ ಈಗಾಗಲೇ ಇದ್ದೀರಿ. ಹಲವು ಪೋರ್ಟಲ್‌ಗಳಲ್ಲಿ ಇದಕ್ಕೆ ‘ಸ್ವಾಪ್’ ಎಂಬ ಆಯ್ಕೆ ಇರುತ್ತದೆ. ‘ಕವಿತೆ ಸಿಕ್ಕರೆ ಮಾತ್ರ ಇದನ್ನು ಬಿಡು’ ಎಂದು ಅದರಲ್ಲಿ ಮೊದಲೇ ಹೇಳಿಡಬಹುದು. ನಿಮ್ಮಂಥವರಿಗೆ ಹೇಳಿ ಮಾಡಿಸಿದ್ದು.

ಪ್ರಾಧ್ಯಾಪಕರಿಗೆ ಒಂದು ಇಮೇಲ್ ಬರೆಯಿರಿ, ಒಂದೇ. ವಿಷಯದ ಸಾಲಿನಲ್ಲಿ ಕೋರ್ಸ್ ಸಂಖ್ಯೆ, ಸೆಕ್ಷನ್. ಒಳಗೆ ನಿಮ್ಮ ವಿದ್ಯಾರ್ಥಿ ಸಂಖ್ಯೆ, ವೇಟ್‌ಲಿಸ್ಟ್ ಸ್ಥಾನ, ಪೂರ್ವಾರ್ಹತೆ ಮುಗಿದಿದೆ ಎಂಬ ಮಾತು, ಮೊದಲ ದಿನ ಬರುತ್ತೇನೆ ಎಂಬ ಭರವಸೆ. ಐದು ಸಾಲು ಸಾಕು. ‘ರೆಸ್ಪೆಕ್ಟೆಡ್ ಸರ್’, ‘ಕೈಂಡ್ಲಿ ಡೂ ದಿ ನೀಡ್‌ಫುಲ್’ ಎಂಬ ನಮ್ಮ ಕಚೇರಿ ಶೈಲಿ ಬೇಡ. ‘ಪ್ರೊಫೆಸರ್’ ಎಂದು ಸೇರಿಸಿ ಕೊನೆಯ ಹೆಸರಿನಿಂದ ಕರೆದರೆ ಸರಿ. ವೀಸಾ ಕಷ್ಟ ತೋಡಿಕೊಂಡು ಒತ್ತಾಯಿಸಬೇಡಿ. ಕಮ್ಮಟದಲ್ಲಿ ಸೀಟು ಕಡಿಮೆ ಇಡುವುದು ಹಟಕ್ಕಲ್ಲ: 15 ಜನ ತಲಾ 2 ಬರಹ ತಂದರೆ 30 ಚರ್ಚೆ, 15 ವಾರದ ಸೆಮಿಸ್ಟರ್‌ನಲ್ಲಿ ವಾರಕ್ಕೆ 2. ಹದಿನಾರನೆಯವರು ಬಂದರೆ ಯಾರದೋ ಬರಹಕ್ಕೆ ಹೊತ್ತು ಸಾಲದು.

ಮೊದಲ ಕ್ಲಾಸಿಗೆ ಖಂಡಿತ ಹೋಗಿ ಕೂರಿ. ಅಂದು ಬಾರದವರ ಹೆಸರನ್ನು ಅನೇಕ ಪ್ರಾಧ್ಯಾಪಕರು ತೆಗೆದುಹಾಕುತ್ತಾರೆ, ಆ ಜಾಗ ಎದುರಿಗೆ ಕೂತವರಿಗೆ ಹೋಗುತ್ತದೆ. ಪ್ರಾಧ್ಯಾಪಕರು ಒಪ್ಪಿಗೆ ಸಂಖ್ಯೆ (ಭರ್ತಿಯಾದ ಕ್ಲಾಸಿಗೂ ಸೇರಲು ಬಿಡುವ ಕೋಡ್) ಕೊಟ್ಟರೆ ಅಂದೇ ರಾತ್ರಿ ಪೋರ್ಟಲ್‌ನಲ್ಲಿ ಹಾಕಿ. ಅದು ಒಂದೇ ಸಲ ನಡೆಯುತ್ತದೆ, ಅವಧಿಯೂ ಇರುತ್ತದೆ.

ಪ್ರಶ್ನೆ: ನಾನು ಬರೆಯುವುದು ಕನ್ನಡದಲ್ಲಿ. ಕಥಾ ಕಮ್ಮಟಕ್ಕೆ ಬರಹದ ಮಾದರಿ ಕೇಳಿದ್ದಾರೆ. ನನ್ನದೇ ಕಥೆಯನ್ನು ಇಂಗ್ಲಿಷ್‌ಗೆ ಅನುವಾದಿಸಿ ಕಳಿಸಲೇ? — ವಿದ್ಯಾರ್ಥಿನಿ, ಬರ್ಕ್ಲಿ

ಇಂಥ ಕ್ಲಾಸುಗಳಲ್ಲಿ ಬೇಗ ಕ್ಲಿಕ್ ಮಾಡಿದ್ದಕ್ಕೆ ಬೆಲೆಯಿಲ್ಲ. ಹಾರ್ವರ್ಡ್‌ನ ಕಮ್ಮಟಗಳಲ್ಲಿ 12 ಜನಕ್ಕೆ ಮಾತ್ರ ಜಾಗ, ಅರ್ಜಿಯ ಮೇಲೆ ಆಯ್ಕೆ. ನಿಮ್ಮ ಬರ್ಕ್ಲಿಯಲ್ಲೂ ಇಂಗ್ಲಿಷ್ 143ಎ ಸಣ್ಣಕಥೆ, 143ಬಿ ಕವಿತೆಯ ಕ್ಲಾಸುಗಳಿಗೆ ಮಾದರಿ ಓದಿಯೇ ಪ್ರಾಧ್ಯಾಪಕರು ಆರಿಸುವುದು. ಕೊನೆಯ ದಿನ ಹಿಂದಿನ ಸೆಮಿಸ್ಟರ್‌ನಲ್ಲೇ ಬಂದುಹೋಗುವುದರಿಂದ ಎಷ್ಟೋ ಜನಕ್ಕೆ ಅದು ಗೊತ್ತೇ ಆಗಿರುವುದಿಲ್ಲ.

ಸ್ವಂತ ಕಥೆಯ ಸ್ವಂತ ಅನುವಾದ ನಿಮ್ಮದೇ ಬರಹ. ಪ್ರಕಟಣೆಯಲ್ಲಿ ಬೇಡ ಎಂದಿಲ್ಲವಾದರೆ ಕಳಿಸಬಹುದು, ಅನುವಾದ ಎಂದು ಜೊತೆಯ ಟಿಪ್ಪಣಿಯಲ್ಲಿ ಒಂದು ಸಾಲು ತಿಳಿಸಿ. ಆದರೆ ನಮ್ಮ ಸಲಹೆ ಬೇರೆ. ಆಯ್ಕೆ ಮಾಡುವವರು ಹುಡುಕುವುದು ಇಂಗ್ಲಿಷ್ ವಾಕ್ಯ ನಿಮ್ಮ ಕೈಯಲ್ಲಿ ಹೇಗೆ ನಡೆಯುತ್ತದೆ ಎಂಬುದನ್ನು. ಅನುವಾದದಲ್ಲಿ ಅದು ಕುಂಟಿದರೆ, ಕಥೆ ಎಷ್ಟು ಒಳ್ಳೆಯದಿದ್ದರೂ ಕಾಣುವುದು ಕುಂಟೇ. ಅದೇ ಕಥೆಯ ಒಂದು ದೃಶ್ಯವನ್ನು ಕನ್ನಡ ಪ್ರತಿ ಮುಚ್ಚಿಟ್ಟು ಇಂಗ್ಲಿಷ್‌ನಲ್ಲಿ ಹೊಸದಾಗಿ ಬರೆದು ನೋಡಿ. ಎರಡನ್ನೂ ಗಟ್ಟಿಯಾಗಿ ಓದಿದರೆ ಯಾವುದನ್ನು ಕಳಿಸಬೇಕು ಎಂದು ಕಿವಿಯೇ ಹೇಳುತ್ತದೆ.

ಹಿತ್ತಲು, ಮಡಿ, ಮುದ್ದೆ ಎಂಬ ಪದ ಬಂದಲ್ಲೆಲ್ಲ ಅಡಿಟಿಪ್ಪಣಿ ಹಾಕಬೇಡಿ. ಸಂದರ್ಭದಿಂದ ಅರ್ಧ ತಿಳಿದರೆ ಸಾಕು. ‘ಭಾರತದಲ್ಲಿ ಹೀಗೆ ಮಾಡುತ್ತಾರೆ’ ಎಂದು ವಿವರಿಸುವ ವಾಕ್ಯಗಳನ್ನು ಮೊದಲು ಹೊಡೆದುಹಾಕಿ. ಅವು ಕಥೆಯನ್ನು ಪ್ರವಾಸಿ ಕೈಪಿಡಿ ಮಾಡುತ್ತವೆ.

ಪುಟದ ಮಿತಿ 10ರಿಂದ 15 ಎಂದಿದ್ದರೆ 16 ಬೇಡ. 12 ಪಾಯಿಂಟ್ ಅಕ್ಷರ, ಎರಡು ಸಾಲಿನ ಅಂತರ, ಪುಟಸಂಖ್ಯೆ, ಪಿಡಿಎಫ್. ಹೀಗೆ ಕೂರಿಸಿದರೆ ಪುಟಕ್ಕೆ 250ರಿಂದ 300 ಪದ, ಅಂದರೆ 10 ಪುಟಕ್ಕೆ 2,500ರಿಂದ 3,000 ಪದ. ಕಥೆಯ ಮಾದರಿ ಕೇಳಿದಲ್ಲಿ ಕವಿತೆಯನ್ನೋ ‘ಎ’ ಗ್ರೇಡ್ ಬಂದ ಪ್ರಬಂಧವನ್ನೋ ಕಳಿಸಿದರೆ ಅರ್ಜಿ ಅಲ್ಲಿಗೇ ಮುಗಿಯಿತು. ಕಾದಂಬರಿಯ ನಡುವಿನ ತುಂಡಿಗಿಂತ ಮುಗಿದ ಸಣ್ಣಕಥೆ ಲೇಸು, ಯಾಕೆಂದರೆ ಮುಗಿಸಲು ಬರುತ್ತದೆ ಎಂಬುದೂ ಒಂದು ಪುರಾವೆ. ಎಐ ಬಳಸಿ ಇಂಗ್ಲಿಷ್ ತಿದ್ದಿಸುವ ಮೊದಲು ಆ ಕೋರ್ಸಿನ ನಿಯಮ ಓದಿ. ಹೇಗೂ ಸೆಮಿಸ್ಟರ್ ಇಡೀ ಅವರ ಮುಂದೆಯೇ ಬರೆಯಬೇಕಲ್ಲ!

ಆಯ್ಕೆಯಾಗದಿದ್ದರೆ ಮುಂದಿನ ಸಲ ಬೇರೆ ಮಾದರಿಯೊಂದಿಗೆ ಬೇರೆ ಪ್ರಾಧ್ಯಾಪಕರಿಗೆ ಹಾಕಿ. ಒಬ್ಬರ ಅಭಿರುಚಿಗೂ ಇನ್ನೊಬ್ಬರದಕ್ಕೂ ಅಜಗಜಾಂತರ.

ಪ್ರಶ್ನೆ: ಹೈಸ್ಕೂಲಿನಲ್ಲಿರುವ ಮಗ ಇಲ್ಲಿನ ಕಮ್ಯುನಿಟಿ ಕಾಲೇಜಿನಲ್ಲಿ (ಎರಡು ವರ್ಷದ ಸರ್ಕಾರಿ ಕಾಲೇಜು) ಇಂಗ್ಲಿಷ್ ಕೋರ್ಸ್ ಮಾಡಬೇಕೆಂದಿದ್ದಾನೆ. ಸೀಟು ಯಾವಾಗಲೂ ಭರ್ತಿ. — ತಂದೆ, ಫ್ರೀಮಾಂಟ್

ಹೈಸ್ಕೂಲು ಮಕ್ಕಳ ನೋಂದಣಿ ಸರದಿ ಸಾಮಾನ್ಯವಾಗಿ ಕೊನೆಯದು. ಬೆಳಗಿನ ಹೊತ್ತಿನ, ಸಂಜೆ 5ರ ಸೆಕ್ಷನ್‌ಗಳು ಅಷ್ಟರಲ್ಲಿ ತುಂಬಿರುತ್ತವೆ. ಸೆಮಿಸ್ಟರ್ ಮಧ್ಯದಲ್ಲಿ ತಡವಾಗಿ ಶುರುವಾಗುವ ಸೆಕ್ಷನ್‌ಗಳನ್ನು ಹುಡುಕಿ. ಹಳೆಯ ಪಟ್ಟಿ ಹಿಡಿದು ಮೊದಲ ವರ್ಷದ ಕಾಂಪೊಸಿಷನ್ ಕೋರ್ಸನ್ನು ‘ಇಂಗ್ಲಿಷ್ 1ಎ’ ಎಂದು ಹುಡುಕಿದರೆ ಸಿಗದೇ ಹೋಗಬಹುದು: 2025ರ ಶರತ್ಕಾಲದಿಂದ ಕ್ಯಾಲಿಫೋರ್ನಿಯಾ ಕಮ್ಯುನಿಟಿ ಕಾಲೇಜುಗಳಲ್ಲಿ ಆ ಕೋರ್ಸಿಗೆ ‘ಸಿ1000’ ಎಂಬ ಸಾಮಾನ್ಯ ಸಂಖ್ಯೆ ಬಂದಿದೆ. ಶಾಲೆಯ ಕೌನ್ಸಿಲರ್ ಮತ್ತು ನಿಮ್ಮ ಸಹಿಯ ಒಪ್ಪಿಗೆ ಪತ್ರ ನೋಂದಣಿಗೆ ಮೊದಲೇ ಕಾಲೇಜು ತಲುಪಿರಬೇಕು.

ಪ್ರಾಧ್ಯಾಪಕರಿಗೆ ಇಮೇಲ್ ಬರೆಯುವುದು ಮಗನ ಕೆಲಸ, ನಿಮ್ಮದಲ್ಲ. ಅವನು ಅಲ್ಲಿ ಕಾಲೇಜು ವಿದ್ಯಾರ್ಥಿ, ತಂದೆತಾಯಿಯ ಜೊತೆ ಅವನ ವಿಷಯ ಮಾತಾಡಲು ಅವರು ಹಿಂಜರಿಯುತ್ತಾರೆ. ಸೇರಿದ ಮೇಲೆ ಬಿಡುವುದಿದ್ದರೆ ಮೊದಲ ಗಡುವಿನೊಳಗೆ ಬಿಡಲಿ. ಅದು ದಾಟಿದರೆ ಅಂಕಪಟ್ಟಿಯಲ್ಲಿ ‘ಡಬ್ಲ್ಯು’ (ನಡುವೆ ಬಿಟ್ಟ ಗುರುತು) ಕೂರುತ್ತದೆ, ಮುಂದೆ ವಿಶ್ವವಿದ್ಯಾಲಯಗಳಿಗೆ ಅರ್ಜಿ ಹಾಕುವಾಗ ಆ ಅಂಕಪಟ್ಟಿಯನ್ನೂ ಕೇಳುತ್ತಾರೆ.